ಹೆದ್ದಾರಿಯ ತಂಗುದಾಣಗಳು

ದೂರದ ಪ್ರಯಾಣ ಕೈಗೊಂಡವರಿಗೆ ದಾರಿಯಲ್ಲಿ ನೀರು, ಅನ್ನ, ವಿಶ್ರಾಂತಿಗಳು ದೊರೆಯಬೇಕೆಂಬ ಕಾಳಜಿ ಬಹು ಹಳೆಯದು. ನಮ್ಮ ನಾಡಿನ ಛತ್ರಗಳೂ ಅರವಟ್ಟಿಗೆಗಳೂ ಇದರಿಂದಲೇ ಹುಟ್ಟಿದವು. ಅವುಗಳನ್ನು ಅರಸರೂ ದಾನಿಗಳೂ ಪುಣ್ಯಕಾರ್ಯವೆಂದು ನಡೆಸಿದರು. ಇಂದಿನ ಮೋಟಾರು ಹೆದ್ದಾರಿಗಳಲ್ಲಿ ಈ ಹೊಣೆ ಯಾರದು? ಅದರ ವೆಚ್ಚವನ್ನು ಹೊರುವವರು ಯಾರು, ಆದಾಯವನ್ನು ಪಡೆಯುವವರು ಯಾರು? ಈ ಪ್ರಶ್ನೆಗಳನ್ನು ಇಂಗ್ಲೆಂಡ್ ಎದುರಿಸಿದ ಬಗೆ ವಿಚಾರಯೋಗ್ಯವಾಗಿದೆ.

ಇಂಗ್ಲೆಂಡಿನ ಮೊದಲ ಮೋಟಾರು ಹೆದ್ದಾರಿ 1958ರಲ್ಲಿ ಪ್ರೆಸ್ಟನ್ ನಗರದ ಬಳಿ ತೆರೆಯಿತು. ಮರುವರ್ಷ ನವೆಂಬರ್ 2ರಂದು ಎಂ-1 ಹೆದ್ದಾರಿಯ ಮೊದಲ ದೊಡ್ಡ ಭಾಗ ಸಂಚಾರಕ್ಕೆ ಸಿದ್ಧವಾಯಿತು. ಈ ರಸ್ತೆಗಳಲ್ಲಿ ಪಾದಚಾರಿಗಳಿಗೂ ಸೈಕಲ್ ಸವಾರರಿಗೂ ಪ್ರವೇಶವಿಲ್ಲ. ಪಕ್ಕದ ಮನೆ, ಅಂಗಡಿಗಳ ಬಾಗಿಲು ರಸ್ತೆಗೆ ತೆರೆಯುವಂತಿಲ್ಲ. ಆದುದರಿಂದ ಹಸಿದವನಿಗೂ ನಿದ್ದೆ ಎಳೆಯುತ್ತಿರುವ ಚಾಲಕನಿಗೂ ಪ್ರತ್ಯೇಕ ತಾಣಗಳು ಅನಿವಾರ್ಯವಾದವು. ದಣಿದ ಚಾಲಕನ ಒಂದು ಕ್ಷಣದ ತೂಕಡಿಕೆ ಹಲವರ ಪ್ರಾಣಕ್ಕೆ ಎರವಾಗಬಲ್ಲುದು. ಎಂ-1ರ ವಾಟ್‌ಫರ್ಡ್ ಗ್ಯಾಪ್ ಮತ್ತು ನ್ಯೂಪೋರ್ಟ್ ಪ್ಯಾಗ್ನೆಲ್ ಎಂಬವು ಇಂಥ ತಾಣಗಳಲ್ಲಿ ಮೊದಲಿನವು.

ಆಗಿನ ಏರ್ಪಾಡು ಹೀಗಿತ್ತು: ಸರಕಾರವು ಸಾರ್ವಜನಿಕ ಹಣದಿಂದ ಭೂಮಿಯನ್ನು ಕೊಂಡು, ಖಾಸಗಿ ಸಂಸ್ಥೆಗಳಿಗೆ ದೀರ್ಘಾವಧಿಯ ಗುತ್ತಿಗೆಗೆ ಕೊಡುತ್ತಿತ್ತು. ಸಂಸ್ಥೆಗಳು ಕಟ್ಟಡಗಳನ್ನು ಕಟ್ಟಿ ವ್ಯಾಪಾರ ನಡೆಸಿ, ಬಾಡಿಗೆ ತೆರುತ್ತಿದ್ದವು. ಆ ಬಾಡಿಗೆಯಲ್ಲಿ ವಹಿವಾಟಿನ ಒಂದು ಪಾಲೂ ಸೇರಿತ್ತು. ಜನರ ಭೂಮಿಯಿಂದ ಜನರ ಬೊಕ್ಕಸಕ್ಕೆ ಆದಾಯ ಬರುವುದು ನ್ಯಾಯವೇ ಸರಿ.

ಆದರೆ ಇದರಲ್ಲಿ ಒಂದು ತೊಡಕು ಅಡಗಿತ್ತು. ವಹಿವಾಟು ಬೇರೆ, ಲಾಭ ಬೇರೆ. ನೂರು ರೂಪಾಯಿಯ ಮಾರಾಟದಲ್ಲಿ ತೊಂಬತ್ತೆಂಟು ಖರ್ಚಾದರೆ ಉಳಿಯುವ ಲಾಭ ಎರಡೇ ರೂಪಾಯಿ. ಬಾಡಿಗೆಯನ್ನು ಮಾತ್ರ ನೂರರ ಮೇಲೆ ಲೆಕ್ಕ ಹಾಕಿದರೆ ಆ ಎರಡರಲ್ಲಿ ಉಳಿಯುವುದೇನು? ಆಗ ವ್ಯಾಪಾರಿಯು ಬೆಲೆಯನ್ನು ಏರಿಸಬೇಕು, ಇಲ್ಲವೆ ಸೌಕರ್ಯವನ್ನು ಇಳಿಸಬೇಕು. ಎರಡರ ಭಾರವೂ ಪ್ರಯಾಣಿಕನ ಮೇಲೆಯೇ. ಪೀಟರ್ ಪ್ರಯರ್ ಅವರ ಅಧ್ಯಕ್ಷತೆಯ ಸಮಿತಿಯು 1978ರಲ್ಲಿ ವರದಿ ಸಲ್ಲಿಸಿ, ಸರಕಾರದ ಹಿಡಿತ ಸಡಿಲವಾಗಬೇಕೆಂದು ಸೂಚಿಸಿತು. 1992ರಿಂದ ಸ್ಥಳವನ್ನು ಹುಡುಕಿ ಕೊಳ್ಳುವ ಹೊಣೆಯೂ ಖಾಸಗಿಯವರಿಗೆ ಸೇರಿತು.

ಹಾಗೆಂದು ಸರಕಾರವು ಕೈತೊಳೆದುಕೊಳ್ಳಲಿಲ್ಲ. ಹೆದ್ದಾರಿಯ ಫಲಕದಲ್ಲಿ ತಾಣದ ಹೆಸರು ಕಾಣಬೇಕಾದರೆ ಕೆಲವು ನಿಯಮಗಳನ್ನು ಪಾಲಿಸಲೇಬೇಕು. ವರ್ಷದ ಎಲ್ಲ ದಿನವೂ ಹಗಲಿರುಳು ಬಾಗಿಲು ತೆರೆದಿರಬೇಕು. ಎರಡು ಗಂಟೆಗಳ ಕಾಲ ವಾಹನ ನಿಲುಗಡೆಗೂ ಶೌಚಾಲಯಕ್ಕೂ ಶುಲ್ಕವಿರಬಾರದು. ಏನನ್ನಾದರೂ ಕೊಳ್ಳಲೇಬೇಕೆಂಬ ಒತ್ತಾಯ ಕೂಡದು. ಕಾಸಿಲ್ಲದವನಿಗೂ ಇಲ್ಲಿ ವಿಶ್ರಾಂತಿಯ ಹಕ್ಕುಂಟು.

ಆದಾಯವು ಸಮಾಜಕ್ಕೆ ಮರಳಲು ಬೇರೆ ದಾರಿಗಳೂ ಇವೆ. 2014ರಲ್ಲಿ ಎಂ-5 ಹೆದ್ದಾರಿಯಲ್ಲಿ ತೆರೆದ ಗ್ಲಾಸ್ಟರ್ ತಾಣದಲ್ಲಿ ಮಾರಾಟದ ಒಂದು ಪಾಲು ಸ್ಥಳೀಯ ಧರ್ಮಸಂಸ್ಥೆಯ ಮೂಲಕ ನೆರೆಹೊರೆಯ ಜನರ ಹಿತಕ್ಕೆ ಸಲ್ಲುತ್ತದೆ.

ಸಾರ್ವಜನಿಕ ಆಸ್ತಿಯ ಫಲವನ್ನು ಬೊಕ್ಕಸಕ್ಕೆ ಬಂದ ಹಣದಿಂದಷ್ಟೇ ಅಳೆಯಲಾಗದು. ಕೆಚ್ಚಲು ಬತ್ತುವಷ್ಟು ಹಾಲು ಕರೆದರೆ ಕರುವಿಗೆ ಉಳಿಯುವುದಿಲ್ಲ. ದಣಿದವನು ಸುಖವಾಗಿ ಮನೆ ಸೇರಿದನೆ ಎಂಬುದೂ ಆ ಲೆಕ್ಕದಲ್ಲಿ ಸೇರಬೇಕು.