ಅಕ್ವೇರಿಯಂ ಕೆಳಗೊಂದು ಪಾಚಿಯ ಬೆಳೆ

ಉಪ್ಪುನೀರಿನ ಅಕ್ವೇರಿಯಂ ನೋಡಲು ಹೋದವರ ಕಣ್ಣು ಮೊದಲು ನಾಟುವುದು ಕ್ಲೌನ್ ಮೀನಿನ ಕಿತ್ತಳೆಯ ಮೇಲೆ, ಟ್ಯಾಂಗ್ ಮೀನಿನ ಕಡುನೀಲಿಯ ಮೇಲೆ. ಈ ಹವ್ಯಾಸದಲ್ಲಿ ಪಳಗಿದವರು ಮಾತ್ರ ಬಗ್ಗಿ ಕೆಳಗಿನ ಕಪಾಟಿನ ಬಾಗಿಲು ತೆಗೆಯುತ್ತಾರೆ. ಅಲ್ಲಿ ಇನ್ನೊಂದು ತೊಟ್ಟಿ ಇರುತ್ತದೆ. ಅದರ ಒಂದು ಖಾನೆಯಲ್ಲಿ, ನೇರಳೆ ಬಣ್ಣದ ದೀಪದಡಿ, ಹಸಿರು ಮುದ್ದೆಯೊಂದು ನಿಧಾನವಾಗಿ ಹೊರಳುತ್ತಿರುತ್ತದೆ. ಇದೇ ರೆಫ್ಯೂಜಿಯಂ. ಮೇಲಿನ ಮೀನುಗಳು ಎಷ್ಟು ನೆಮ್ಮದಿಯಾಗಿ ಬದುಕುತ್ತಿವೆ ಎಂಬುದನ್ನು ಈ ಮುದ್ದೆಯ ಬಣ್ಣ ನೋಡಿಯೇ ಬಹುಮಟ್ಟಿಗೆ ಹೇಳಬಹುದು.

ಮೀನಿಗೆ ಹಾಕಿದ ಆಹಾರದಲ್ಲಿನ ಸಾರಜನಕದ ದೊಡ್ಡ ಪಾಲು ಕಿವಿರುಗಳ ಮೂಲಕ ಅಮೋನಿಯಾ ಆಗಿ ನೀರಿಗೇ ಮರಳುತ್ತದೆ. ಕಲ್ಲು, ಮರಳುಗಳಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಆಮ್ಲಜನಕ ತುಂಬಿದ ನೀರಿನಲ್ಲಿ ಕೆಲಸ ಅಲ್ಲಿಗೇ ನಿಲ್ಲುತ್ತದೆ, ನೈಟ್ರೇಟ್ ದಿನೇ ದಿನೇ ಸೇರಿಕೊಳ್ಳುತ್ತದೆ. ಆಹಾರದಿಂದ ಬಂದ ಫಾಸ್ಫೇಟ್ ಕೂಡ ಹಾಗೆಯೇ. ಮಿತಿ ಮೀರಿತೆಂದರೆ ಗಾಜಿಗೆ, ಕಲ್ಲಿಗೆ ಲೋಳೆಯಂಥ ಕೊಳಕು ಪಾಚಿ ಮೆತ್ತಿಕೊಳ್ಳುತ್ತದೆ. ಹೇಗಿದ್ದರೂ ಪಾಚಿ ಬೆಳೆಯುವುದೇ ಆದರೆ ನಾವು ಹೇಳಿದ ಜಾಗದಲ್ಲಿ, ನಾವು ಆರಿಸಿದ ಜಾತಿಯೇ ಬೆಳೆಯಲಿ ಎಂಬುದು ರೆಫ್ಯೂಜಿಯಂ ಹಿಂದಿನ ಆಲೋಚನೆ.

ಇದಕ್ಕೆ ವೈಜ್ಞಾನಿಕ ಬುನಾದಿ ಹಾಕಿದವರಲ್ಲಿ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಆಡೇ ಮುಖ್ಯರು. ಬಲೆಯ ಮೇಲೆ ಬಲವಾದ ಬೆಳಕಿನಲ್ಲಿ ಪಾಚಿ ಬೆಳೆಸಿ, ಅದನ್ನು ಆಗಾಗ ಕೆರೆದು ತೆಗೆದು, ಅದರಿಂದಲೇ ಹವಳದ ತೊಟ್ಟಿಯ ನೀರನ್ನು ಶುದ್ಧವಾಗಿಡಬಹುದೆಂದು ಅವರು ತೋರಿಸಿಕೊಟ್ಟರು. 1987ರಲ್ಲಿ ತೆರೆದ ಆಸ್ಟ್ರೇಲಿಯಾದ ಟೌನ್ಸ್‌ವಿಲ್ ನಗರದ ದೈತ್ಯ ಅಕ್ವೇರಿಯಂ ಇದೇ ವಿಧಾನವನ್ನು ಅಳವಡಿಸಿಕೊಂಡಿತ್ತು. ಕೆರೆದು ತೆಗೆಯುವುದು ಎಂಬ ಮಾತನ್ನು ಇಲ್ಲಿ ಗಮನಿಸಬೇಕು. ಪಾಚಿ ನೈಟ್ರೇಟನ್ನು ಮಾಯ ಮಾಡುವುದಿಲ್ಲ, ತನ್ನ ಮೈಯಲ್ಲಿ ಕಟ್ಟಿಡುತ್ತದೆ. ಆ ಮೈಯನ್ನು ತೊಟ್ಟಿಯಿಂದ ಹೊರಗೆ ತೆಗೆದಾಗಲೇ ಲೆಕ್ಕ ಚುಕ್ತಾ. ಒಳಗೇ ಸತ್ತು ಕೊಳೆತರೆ ಹೀರಿದ್ದೆಲ್ಲ ವಾಪಸು ನೀರಿಗೇ ಬರುತ್ತದೆ.

ಹವ್ಯಾಸಿಗಳು ಹೆಚ್ಚು ಬೆಳೆಯುವುದು ಕೀಟೊಮಾರ್ಫಾ, ಬಾಯಿಮಾತಿನಲ್ಲಿ ಕೀಟೊ. ಕೈಗೆತ್ತಿಕೊಂಡರೆ ಪಾತ್ರೆ ತಿಕ್ಕುವ ಪ್ಲಾಸ್ಟಿಕ್ ನಾರಿನ ಹಾಗೆ ಬಿರುಸು. ಒಂದೆಳೆ ಬಿಡಿಸಿ ಬೆಳಕಿಗೆ ಹಿಡಿದು ನೋಡಿ: ಕವಲಿಲ್ಲದ ಎಳೆ, ಅದರುದ್ದಕ್ಕೂ ಗಿಣ್ಣು ಗಿಣ್ಣಾಗಿ ಪೋಣಿಸಿದ ಜೀವಕೋಶಗಳು, ದಪ್ಪ ಎಳೆಯಲ್ಲಿ ಅವು ಬರಿಗಣ್ಣಿಗೇ ಕಾಣುತ್ತವೆ. ಅದೇ ಮುದ್ದೆಯನ್ನು ಒಂದು ಬಕೆಟ್ ತೊಟ್ಟಿನೀರಿನಲ್ಲಿ ಜಾಲಾಡಿಸಿ, ಬಕೆಟ್ಟಿನೊಳಗೆ ಟಾರ್ಚ್ ಬಿಡಿ. ಸಾಸಿವೆಗಿಂತ ಸಣ್ಣ ಚುಕ್ಕೆಗಳು ಎಗರೆಗರಿ ಓಡುತ್ತವೆ, ಅವು ಕೋಪಿಪಾಡ್‌ಗಳು. ಬಾಗಿದ ಬೆನ್ನಿನ ಸಿಗಡಿಮರಿಯಂಥವು ಆಂಫಿಪಾಡ್‌ಗಳು. ಮೀನಿನ ಬಾಯಿಗೆ ಸಿಗದೆ ಇಲ್ಲಿ ಮರಿ ಮಾಡಿಕೊಳ್ಳುವ ಈ ಜೀವಿಗಳು ಪಂಪಿನ ನೀರಿನೊಂದಿಗೆ ಮೇಲೆ ಹೋಗಿ ಮೀನಿಗೆ ಜೀವಂತ ಆಹಾರವಾಗುತ್ತವೆ. ಹೆಚ್ಚಾಗಿ ಕೋಪಿಪಾಡ್‌ನಂಥ ಜೀವಂತ ಆಹಾರವನ್ನೇ ನೆಚ್ಚಿಕೊಂಡ ಮ್ಯಾಂಡರಿನ್ ಮೀನನ್ನು ಉಳಿಸಿಕೊಳ್ಳಲು ಇಂಥದೊಂದು ಮೂಲ ಬೇಕೇ ಬೇಕು.

ಪಾಚಿ ತಾನೇ ಬೆಳೆಯುತ್ತದೆ ಎಂದುಕೊಂಡವರ ರೆಫ್ಯೂಜಿಯಂ ಹೆಚ್ಚು ದಿನ ಬಾಳುವುದಿಲ್ಲ. ಅದನ್ನು ಬೆಳೆಯೆಂದೇ ತಿಳಿದು ನೋಡಿಕೊಳ್ಳಬೇಕು. ಮೊದಲನೆಯದು ಬೆಳಕು. ಮೂಲೆಯಲ್ಲಿ ಬಿದ್ದಿದ್ದ ಮಂಕು ಬಲ್ಬು ಸಿಕ್ಕಿಸಿದರೆ ಸಾಲದು. ಗಿಡ ಬೆಳೆಸಲೆಂದೇ ಬರುವ ಕೆಂಪು-ನೀಲಿ ಎಲ್‌ಇಡಿ ಅಥವಾ ಪ್ರಖರವಾದ ಬಿಳಿ ದೀಪ ಬೇಕು. ಇನ್ನೊಂದು ನೀರಿನ ಹರಿವು. ಮುದ್ದೆ ಹೊರಳುತ್ತಿದ್ದರೆ ಎಲ್ಲ ಎಳೆಗಳಿಗೂ ಸರದಿಯಂತೆ ಬೆಳಕು ಸಿಗುತ್ತದೆ. ನಿಂತಲ್ಲೇ ನಿಂತರೆ ಒಳಗೆ ಕಸ ಸಿಕ್ಕಿಕೊಂಡು, ಮೇಲೆ ಹಸಿರು ಕಂಡರೂ ಹೊಟ್ಟೆಯಲ್ಲಿ ಕಂದಿ ಕರಗುತ್ತಿರುತ್ತದೆ. ಹರಿವು ಕಡಿಮೆಯಿದ್ದಲ್ಲಿ ಕೈಯಿಂದಲೇ ಆಗಾಗ ಮಗುಚಿ ಹಾಕಬೇಕು.

ಇನ್ನು ಪೋಷಕಾಂಶ. ಇಲ್ಲಿ ಜನ ಎಡವುವುದು ಜಾಸ್ತಿ. ನೈಟ್ರೇಟ್ ಸೊನ್ನೆಯಾದರೆ ಗೆದ್ದೆವು ಎಂದುಕೊಳ್ಳುತ್ತಾರೆ, ಆದರೆ ಸೊನ್ನೆಯಾದ ದಿನದಿಂದ ಪಾಚಿಗೆ ಉಪವಾಸ. ಸಮುದ್ರತಳದ ಸಸ್ಯಗಳ ಮೈಯಲ್ಲಿ ಇಂಗಾಲ, ಸಾರಜನಕ, ರಂಜಕಗಳ ಪರಮಾಣುಗಳು ಸರಾಸರಿ 550:30:1ರ ಪ್ರಮಾಣದಲ್ಲಿರುತ್ತವೆ ಎಂದು 1983ರಲ್ಲಿ ಆಟ್ಕಿನ್ಸನ್ ಮತ್ತು ಸ್ಮಿತ್ ಎಂಬ ವಿಜ್ಞಾನಿಗಳು ಲೆಕ್ಕ ಹಾಕಿದರು. ಅಂದರೆ ಒಂದು ಪಾಲು ರಂಜಕ ಹೀರಲು ಮೂವತ್ತು ಪಾಲು ಸಾರಜನಕ ಸಿಗಬೇಕು. ನೈಟ್ರೇಟ್ ಮುಗಿದ ತೊಟ್ಟಿಯಲ್ಲಿ ಫಾಸ್ಫೇಟ್ ಇಳಿಯದೆ ಹಟ ಹಿಡಿದು ಕೂರುವುದು ಇದೇ ಕಾರಣಕ್ಕೆ. ಅಂಥಲ್ಲಿ ಅನುಭವಿಗಳು ಮೀನಿನ ಆಹಾರವನ್ನು ತುಸು ಹೆಚ್ಚಿಸುತ್ತಾರೆ, ಇಲ್ಲವೇ ಅಳೆದು ನೈಟ್ರೇಟನ್ನೇ ಸೇರಿಸುತ್ತಾರೆ. ನೈಟ್ರೇಟ್ 5ರಿಂದ 10 ಪಿಪಿಎಂ ಆಸುಪಾಸಿನಲ್ಲಿದ್ದರೆ ಕೀಟೊ ನಳನಳಿಸುತ್ತದೆ. ಎಲ್ಲ ಸರಿಯಿದ್ದೂ ಹಸಿರು ಮಾಸುತ್ತಿದ್ದರೆ ಕಬ್ಬಿಣದ ಕೊರತೆ ಇರಬಹುದು. ಕಬ್ಬಿಣ, ಮ್ಯಾಂಗನೀಸ್‌ಗಳು ಬೇಕಾಗುವುದು ಅತ್ಯಲ್ಪ. ಕ್ರಮವಾಗಿ ನೀರು ಬದಲಿಸುವ ಮನೆಗಳಲ್ಲಿ ಹೊಸ ಉಪ್ಪಿನೊಂದಿಗೇ ಬಂದುಬಿಡುತ್ತವೆ.

ದೀಪ ಹಚ್ಚುವ ಹೊತ್ತಿನಲ್ಲೂ ಒಂದು ಉಪಾಯವಿದೆ. ರಾತ್ರಿ ಮೇಲಿನ ದೀಪ ಆರಿದಾಗ ದ್ಯುತಿಸಂಶ್ಲೇಷಣೆ ನಿಲ್ಲುತ್ತದೆ, ಉಸಿರಾಟ ನಿಲ್ಲುವುದಿಲ್ಲ. ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಪಿಎಚ್ ಇಳಿಯುತ್ತದೆ. ಮೇಲೆ ರಾತ್ರಿಯಾದಾಗ ಕೆಳಗೆ ಹಗಲು ಮಾಡಿದರೆ, ಪಾಚಿ ಆ ಡೈಆಕ್ಸೈಡನ್ನು ಹೀರಿಕೊಂಡು ಏರಿಳಿತವನ್ನು ತಗ್ಗಿಸುತ್ತದೆ. ಒಂದು ಟೈಮರ್ ಇದ್ದರೆ ಆಗುವ ಕೆಲಸ.

ಕಾಲರ್ಪಾ ಎಂಬ ಇನ್ನೊಂದು ಪಾಚಿ ಕೀಟೊಗಿಂತ ಚೆಲುವೆ. ಜರಿಗಿಡದಂಥ, ದ್ರಾಕ್ಷಿಗೊನೆಯಂಥ ಎಲೆಗಳು, ಹಬ್ಬುವ ಬಳ್ಳಿ. ಆಶ್ಚರ್ಯವೆಂದರೆ ಆ ಇಡೀ ಬಳ್ಳಿ ಒಂದೇ ಜೀವಕೋಶ. ನಡುವೆ ಗೋಡೆಗಳಿಲ್ಲ, ಲೆಕ್ಕವಿಲ್ಲದಷ್ಟು ಕೋಶಕೇಂದ್ರಗಳಿವೆ. ಅಪಾಯವೂ ಅಲ್ಲಿಯೇ. ಒಮ್ಮೊಮ್ಮೆ ಒಂದೇ ರಾತ್ರಿಯಲ್ಲಿ ಅದರ ಒಳತಿರುಳೆಲ್ಲ ಸಂತಾನಕೋಶಗಳಾಗಿ ನೀರಿಗೆ ಚೆಲ್ಲಿಬಿಡುತ್ತದೆ. ಬೆಳಗ್ಗೆ ನೋಡಿದರೆ ನೀರು ಹಸಿರು ಮಬ್ಬು, ಬಳ್ಳಿ ಬಿಳಿಚಿಕೊಂಡ ಸಿಪ್ಪೆ. ಆಮ್ಲಜನಕ ಕುಸಿದು ಮೀನುಗಳು ನೀರಿನ ಮೇಲ್ಮೈಗೆ ಬಂದು ಏದುಸಿರು ಬಿಡುತ್ತವೆ. ಆಗಾಗ ಕೊಯ್ಯುತ್ತಿದ್ದರೆ ಈ ಅವಘಡ ಅಪರೂಪ. ಆದರೂ ಹೊಸಬರಿಗೆ ಕಾಲರ್ಪಾ ಬೇಡ ಎಂಬುದೇ ನನ್ನ ಸಲಹೆ.

ಬೇಡ ಎನ್ನಲು ಇನ್ನೂ ದೊಡ್ಡ ಕಾರಣವಿದೆ. 1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಕೆಳಗಿನ ಕಡಲಲ್ಲಿ ಅಕ್ವೇರಿಯಂ ತಳಿಯ ಕಾಲರ್ಪಾ ಟ್ಯಾಕ್ಸಿಫೋಲಿಯಾದ ಸಣ್ಣ ತೇಪೆಯೊಂದು ಕಂಡಿತು. ಮುಂದೆ ಅದು ಫ್ರಾನ್ಸ್, ಇಟಲಿ, ಸ್ಪೇನ್, ಕ್ರೊಯೇಷಿಯಾ ಕರಾವಳಿಗಳಿಗೆ ಹಬ್ಬಿತು. 2000ದಲ್ಲಿ ಕ್ಯಾಲಿಫೋರ್ನಿಯಾದ ಹಿನ್ನೀರಿನಲ್ಲಿ ಕಾಣಿಸಿಕೊಂಡಾಗ, ಟಾರ್ಪಾಲು ಹೊದಿಸಿ ಅದರಡಿ ಕ್ಲೋರಿನ್ ಬಿಟ್ಟು ಕೊಂದರು. ಪೂರ್ತಿ ನಿರ್ಮೂಲವಾಯಿತೆಂದು ಘೋಷಿಸಲು 2006ರವರೆಗೆ ಕಾಯಬೇಕಾಯಿತು. ನಮ್ಮ ಮನ್ನಾರ್ ಕೊಲ್ಲಿಯಲ್ಲೂ ಕೃಷಿಗೆಂದು ತಂದ ಕಪ್ಪಾಫೈಕಸ್ ಎಂಬ ಕಡಲಕಳೆ ತಪ್ಪಿಸಿಕೊಂಡು ಕುರುಸಡೈ ದ್ವೀಪದ ಜೀವಂತ ಹವಳಗಳ ಮೇಲೆ ಹಬ್ಬಿದೆ.

ನಮ್ಮಲ್ಲಿ ರೆಫ್ಯೂಜಿಯಂಗೆ ಕೆಲಸ ಒಂದು ಕೈ ಹೆಚ್ಚೇ. ದಿಬ್ಬ ಕಟ್ಟುವ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಸಮುದ್ರದಿಂದ ಕಿತ್ತು ತಂದು ಇಡುವಂತಿಲ್ಲ, ಇಡಲೂಬಾರದು. ಹಾಗಾಗಿ ಇಲ್ಲಿಯ ತೊಟ್ಟಿಗಳಲ್ಲಿ ಮೀನೇ ಪ್ರಧಾನ. ಮೀನು ಹೆಚ್ಚಿದ್ದಲ್ಲಿ ಆಹಾರ ಹೆಚ್ಚು, ನೈಟ್ರೇಟೂ ಹೆಚ್ಚು. ಕೊಳವೆಬಾವಿ ನೀರಿನಲ್ಲೇ ನೈಟ್ರೇಟ್ ಇರುವ ಊರುಗಳಲ್ಲಿ ಉಪ್ಪು ಬೆರೆಸಲು ಆರ್‌ಒ ನೀರನ್ನೇ ಬಳಸಬೇಕು. ಕರೆಂಟು ಹೋದಾಗ ಪಂಪು ನಿಂತು ಮೇಲಿನ ನೀರು ಕೆಳಗಿಳಿಯುತ್ತದಲ್ಲ, ಅದಕ್ಕೆ ಕೆಳತೊಟ್ಟಿಯಲ್ಲಿ ಜಾಗ ಬಿಟ್ಟಿರಬೇಕು.

ಸೋಮೇಶ್ವರದಂಥ ಕಡಲತೀರಗಳಲ್ಲಿ ಅಲೆ ಬಡಿಯುವ ಬಂಡೆಗಳ ಮೇಲೆ ಕೀಟೊಮಾರ್ಫಾದ ಜಾತಿಯೊಂದು ಹಸಿರು ಕುಚ್ಚಿನಂತೆ ಬೆಳೆದಿರುತ್ತದೆ. ಅದನ್ನು ಕಿತ್ತು ತರಬೇಡಿ. ಬಂಡೆಗೆ ಕಚ್ಚಿಕೊಂಡು ಅಲೆಯ ಹೊಡೆತದಲ್ಲಿ ಬದುಕುವ ಜಾತಿಯದು, ತೊಟ್ಟಿಯಲ್ಲಿ ಒಗ್ಗುವುದು ಕಷ್ಟ; ಜೊತೆಗೆ ಬೇಡದ ಜೀವಿಗಳೂ ಬರುತ್ತವೆ. ಚೆನ್ನಾಗಿ ಬೆಳೆಸಿದ ಹವ್ಯಾಸಿಯೊಬ್ಬರಿಂದ ಒಂದು ಹಿಡಿ ಕೀಟೊ ಕೇಳಿ ಪಡೆಯಿರಿ, ಖಾನೆ ತುಂಬಿದಾಗಲೆಲ್ಲ ಮೂರನೇ ಒಂದರಷ್ಟು ಕೊಯ್ಯಿರಿ. ಕೊಯ್ದದ್ದನ್ನು ಚರಂಡಿಗಾಗಲಿ, ಹೊಳೆಗಾಗಲಿ, ಕಡಲಿಗಾಗಲಿ ಬಿಡಬೇಡಿ. ಸಿಹಿನೀರಿನಲ್ಲಿ ಉಪ್ಪು ಹೋಗುವಷ್ಟು ತೊಳೆದು, ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ, ಗೊಬ್ಬರದ ಗುಂಡಿಗೆ ಹಾಕಿ.