ಮೂಗಿನ ಗಂಟಿಗೆ ಸೂಜಿ ಚುಚ್ಚುವ ಮೊದಲು

ಆಗತಾನೆ ಹುಟ್ಟಿದ ಕೂಸು. ಎರಡು ಹುಬ್ಬುಗಳ ನಡುವೆ, ಮೂಗಿನ ಬುಡದಲ್ಲಿ ಕಡಲೆಕಾಳಿನಷ್ಟು ಒಂದು ಗಂಟು. ನೋಡಲು ಬಂದವರು "ಕುರು ಇರಬೇಕು, ಒತ್ತಿದರೆ ಹೋಗುತ್ತೆ ಬಿಡಿ" ಅನ್ನಬಹುದು. ಅಲ್ಲಿ ನೀವಿದ್ದರೆ ದಯವಿಟ್ಟು "ಒತ್ತಬೇಡಿ" ಅನ್ನಿ. ಏಕೆಂದರೆ ಆ ಗಂಟಿನೊಳಗೆ ಇರುವುದು ಮೆದುಳೇ ಆಗಿರಬಹುದು!

ಮೂಗಿಗೂ ಮೆದುಳಿಗೂ ಎಲ್ಲಿಯ ಸಂಬಂಧ ಅಂತ ಕೇಳ್ತೀರಾ? ನಿಮ್ಮ ಹುಬ್ಬುಗಳ ನಡುವೆ ಬೆರಳಿಟ್ಟು ನೋಡಿ. ಗಟ್ಟಿ ಮೂಳೆ ಸಿಗುತ್ತದೆ, ಅಲ್ವಾ? ನೀವು ತಾಯಿಯ ಹೊಟ್ಟೆಯಲ್ಲಿ ಎರಡು ತಿಂಗಳ ಭ್ರೂಣವಾಗಿದ್ದಾಗ ಅಲ್ಲಿ ಮೂಳೆ ಇರಲಿಲ್ಲ. ಮೆದುಳನ್ನು ಸುತ್ತಿರುವ ಪೊರೆಯ ಪುಟ್ಟ ಬಾಲವೊಂದು ತಲೆಬುರುಡೆಯ ತಳದ ರಂಧ್ರದಿಂದ ಇಳಿದು ಮೂಗಿನ ಚರ್ಮವನ್ನು ತಾಗುತ್ತದೆ. ಆಮೇಲೆ ಆ ಬಾಲ ಹಿಂದಕ್ಕೆ ಸರಿಯಬೇಕು, ರಂಧ್ರ ಮುಚ್ಚಬೇಕು. ಅಂದಾಜು 20,000ದಿಂದ 40,000 ಶಿಶುಗಳಲ್ಲಿ ಒಂದರಲ್ಲಿ ಈ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಬಾಲ ಹಿಂದೆ ಸರಿಯುವಾಗ ಚರ್ಮದ ಚೂರನ್ನೂ ಎಳೆದುಕೊಂಡು ಹೋದರೆ ಅದು ಡರ್ಮಾಯ್ಡ್. ಮೂಗಿನ ಮೇಲೆ ಸೂಜಿಮೊನೆಯಷ್ಟು ಕುಳಿ, ಅದರಿಂದ ಒಂದೇ ಒಂದು ಕೂದಲು ಇಣುಕುತ್ತಿದ್ದರೆ ವೈದ್ಯರಿಗೆ ಅರ್ಧ ಉತ್ತರ ಸಿಕ್ಕಂತೆ. ಮೆದುಳಿನ ಅಂಗಾಂಶದ ತುಣುಕು ಹೊರಗುಳಿದು ಹಿಂದಿನ ದಾರಿ ಮುಚ್ಚಿಹೋದರೆ ಗ್ಲಯೋಮಾ. (ಹೆಸರು ಕೇಳಿ ಕ್ಯಾನ್ಸರ್ ಅಂದುಕೊಳ್ಳಬೇಡಿ, ಇದು ಅದಲ್ಲ. ಈ ಹೆಸರು ಯಾಕಾದರೂ ಇಟ್ಟರೋ!) ದಾರಿ ತೆರೆದೇ ಇದ್ದು, ಮೆದುಳು ತನ್ನ ಪೊರೆ ಮತ್ತು ನೀರಿನ ಸಮೇತ ಹೊರಗೆ ಜಾರಿದರೆ ಎನ್‌ಸೆಫಲೋಸೀಲ್. ಮಗು ಅತ್ತಾಗ ತಲೆಯೊಳಗಿನ ಒತ್ತಡ ಏರುತ್ತದೆ, ಆಗ ಈ ಗಂಟು ಉಬ್ಬುತ್ತದೆ.

ಇಂಥದ್ದಕ್ಕೆ ಪರೀಕ್ಷೆಗೆಂದು ಸೂಜಿ ಚುಚ್ಚಿದರೆ ಮೆದುಳಿನ ಸುತ್ತಲಿನ ನೀರು ಸೋರಬಹುದು. ಅದೇ ದಾರಿಯಲ್ಲಿ ರೋಗಾಣುಗಳು ಒಳಹೊಕ್ಕು ಮೆದುಳುಪೊರೆಯ ಉರಿಯೂತ ಬರಬಹುದು. ಹಾಗಾಗಿ ಮೊದಲು ಚಿತ್ರ, ಸೂಜಿ-ಕತ್ತಿ ಆಮೇಲೆ.

ಯಾವ ಚಿತ್ರ? ಸಿ.ಟಿ. ಸ್ಕ್ಯಾನ್ ಕ್ಷ-ಕಿರಣಗಳಿಂದ ಮೂಳೆಯನ್ನು ಬೆಳ್ಳಗೆ, ಸ್ಪಷ್ಟವಾಗಿ ತೋರಿಸುತ್ತದೆ. ಆದರೆ ಇಲ್ಲೊಂದು ಮೋಸವಿದೆ. ಎಳೆಯ ಶಿಶುವಿನ ತಲೆಬುರುಡೆಯ ಮುಂಭಾಗದ ತಳ ಇನ್ನೂ ಮೃದ್ವಸ್ಥಿಯೇ. ಅದು ಬೆಳ್ಳಗೆ ಕಾಣುವುದಿಲ್ಲ. ಆರೋಗ್ಯವಂತ ಮಗುವಿನಲ್ಲೂ ಅಲ್ಲಿ ತೂತು ಇದ್ದಂತೆ ತೋರುತ್ತದೆ! ಅನುಭವವಿಲ್ಲದ ಕಣ್ಣು ಎಡವುವುದು ಇಲ್ಲೇ.

ಎಂ.ಆರ್.ಐ.ಗೆ ಕ್ಷ-ಕಿರಣ ಬೇಡ. ಬಲವಾದ ಅಯಸ್ಕಾಂತ ಮತ್ತು ರೇಡಿಯೋ ತರಂಗಗಳ ನೆರವಿನಿಂದ ಅದು ನೀರು, ಕೊಬ್ಬುಗಳಲ್ಲಿರುವ ಹೈಡ್ರೋಜನ್ನಿನ ಸಂಕೇತವನ್ನು ಹಿಡಿಯುತ್ತದೆ. ಒಂದು ಬಗೆಯ ಚಿತ್ರದಲ್ಲಿ ನೀರು ಹೊಳೆಯುತ್ತದೆ, ಇನ್ನೊಂದರಲ್ಲಿ ಕೊಬ್ಬು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಗಂಟಿನಲ್ಲಿ ಏನಿದೆ, ಅದು ಮೆದುಳಿನವರೆಗೆ ಹೋಗಿದೆಯೇ ಅನ್ನುವುದು ಗೊತ್ತಾಗುತ್ತದೆ. ಕಷ್ಟ ಒಂದೇ: ಯಂತ್ರ ಢಬಢಬ ಸದ್ದು ಮಾಡುತ್ತದೆ, ಮಗು ಮಾತ್ರ ಅಲುಗಾಡಬಾರದು. ಅದಕ್ಕೊಂದು ಉಪಾಯ ನಮ್ಮ ಅಜ್ಜಿಯಂದಿರಿಗೂ ಗೊತ್ತಿದ್ದದ್ದೇ. ಹೊಟ್ಟೆ ತುಂಬ ಹಾಲು ಕುಡಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸುವುದು! ಜೊತೆಗೆ ಕಿವಿಗೆ ಸದ್ದು ತಡೆಯುವ ಮುಚ್ಚಳ. ಇದಕ್ಕೂ ಬಗ್ಗದ ಮಕ್ಕಳಿಗೆ ನಿದ್ದೆಯ ಔಷಧಿ ಕೊಡಬೇಕಾಗುತ್ತದೆ.

ಚಿತ್ರ ಬಂದ ಮೇಲೆ ವೈದ್ಯರು ಮೊದಲು ಹುಡುಕುವುದು ಗಂಟಿನಿಂದ ಹಿಂದಕ್ಕೆ ಹೋಗುವ ಎಳೆಯನ್ನು. ಅದು ಮೂಗಿನಲ್ಲೇ ಮುಗಿದಿದ್ದರೆ ಮೂಗಿನ ಶಸ್ತ್ರಚಿಕಿತ್ಸೆಯಷ್ಟೇ ಸಾಕು. ಬುರುಡೆಯೊಳಗೆ ಹೊಕ್ಕಿದ್ದರೆ ಆ ದಿನ ಮೇಜಿನ ಪಕ್ಕ ನರಶಸ್ತ್ರಚಿಕಿತ್ಸಕರೂ ನಿಂತಿರುತ್ತಾರೆ.