ಆತ್ಮಪರೀಕ್ಷೆಯ ಕಿರುಹೊತ್ತಗೆ

ಮುಖಕ್ಕೆ ಮಸಿ ಹತ್ತಿದರೆ ಕನ್ನಡಿ ಅದನ್ನು ತೋರಿಸುತ್ತದೆ. ಆದರೆ ಮನಸ್ಸಿನ ರೂಢಿಗಳನ್ನು ತೋರಿಸುವ ಕನ್ನಡಿ ಯಾವುದು? ಅವಸರದ ತೀರ್ಮಾನ, ತನ್ನ ಮಾತೇ ಸರಿಯೆಂಬ ಹಟ ಮುಂತಾದವು ದಿನದಿನವೂ ಬೆಳೆದು ಸ್ವಭಾವವೇ ಆಗಿಬಿಡುತ್ತವೆ. ಆದುದರಿಂದ ತನ್ನ ಬೆನ್ನು ತನಗೆ ಕಾಣದಂತೆ, ಅವು ತನಗೇ ಕಾಣುವುದಿಲ್ಲ. ಅವುಗಳನ್ನು ಕಾಣಲು ಕೆಲವರು ಲೇಖನಿಯ ನೆರವನ್ನು ಪಡೆದರು.

ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ (1706-1790) ಅಂಥವರಲ್ಲಿ ಒಬ್ಬನು. ಫಿಲಡೆಲ್ಫಿಯ ನಗರದಲ್ಲಿ ಮುದ್ರಣಾಲಯವನ್ನು ನಡೆಸುತ್ತಿದ್ದ ಯೌವನದಲ್ಲಿ, ಯಾವ ತಪ್ಪನ್ನೂ ಮಾಡದೆ ಬಾಳಬೇಕೆಂದು ಅವನು ಸಂಕಲ್ಪಿಸಿದನು. ಮಿತಾಹಾರ, ಮಿತಭಾಷಣ, ಅಚ್ಚುಕಟ್ಟು, ನ್ಯಾಯ ಮೊದಲಾದ ಗುಣಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ, ಒಂದು ಕಿರುಹೊತ್ತಗೆಯಲ್ಲಿ ಗೆರೆಗಳನ್ನೆಳೆದನು. ವಾರದ ದಿನಗಳಿಗೆ ಏಳು ಅಂಕಣಗಳು. ಗುಣಗಳಿಗೆ ಒಂದೊಂದು ಸಾಲು. ಪ್ರತಿದಿನ ಸಂಜೆ, ತಾನು ಎಡವಿದ ಕಡೆಯಲ್ಲೆಲ್ಲ ಒಂದು ಕಪ್ಪು ಚುಕ್ಕೆಯನ್ನಿಡುತ್ತಿದ್ದನು. ಎಲ್ಲವನ್ನೂ ಒಮ್ಮೆಗೇ ಸಾಧಿಸಹೊರಡದೆ, ವಾರಕ್ಕೊಂದು ಗುಣದ ಮೇಲೆ ವಿಶೇಷ ಗಮನವಿಟ್ಟನು. ತನ್ನಲ್ಲಿ ಎಣಿಸಿದ್ದಕ್ಕಿಂತ ಹೆಚ್ಚು ದೋಷಗಳಿರುವುದನ್ನು ಕಂಡು ಅವನಿಗೇ ಆಶ್ಚರ್ಯವಾಯಿತು.

ಮೊದಲು ಆ ಪಟ್ಟಿಯಲ್ಲಿದ್ದುದು ಹನ್ನೆರಡೇ ಗುಣಗಳು. ಒಮ್ಮೆ ಗೆಳೆಯನೊಬ್ಬನು, ಜನರು ಅವನನ್ನು ಗರ್ವಿಯೆಂದು ಭಾವಿಸುತ್ತಾರೆಂದೂ, ವಾದದಲ್ಲಿ ಅವನು ಇತರರ ಮೇಲೆ ಬೀಳುತ್ತಾನೆಂದೂ ಉದಾಹರಣೆಗಳೊಡನೆ ತಿಳಿಸಿದನು. ಫ್ರಾಂಕ್ಲಿನ್ ಮುನಿಯಲಿಲ್ಲ, ವಿನಯವನ್ನು ಹದಿಮೂರನೆಯ ಗುಣವಾಗಿ ಸೇರಿಸಿದನು. ಅಂದಿನಿಂದ 'ಖಂಡಿತ', 'ನಿಸ್ಸಂದೇಹ' ಎಂಬಂಥ ಮಾತುಗಳನ್ನು ತ್ಯಜಿಸಿ, ತನಗೆ ಸದ್ಯಕ್ಕೆ ಹೀಗೆ ತೋರುತ್ತದೆ ಎಂದು ಹೇಳುವುದನ್ನು ಅಭ್ಯಾಸಮಾಡಿದನು. ಮಾತಿನ ರೀತಿ ಬದಲಾದಂತೆ, ಜನರು ಅವನ ಅಭಿಪ್ರಾಯಗಳನ್ನು ಹೆಚ್ಚು ಸುಲಭವಾಗಿ ಒಪ್ಪತೊಡಗಿದರು.

ಆದರೂ ಆ ಹೊತ್ತಗೆ ಎಲ್ಲವನ್ನೂ ತೋರಿಸಲಿಲ್ಲ. ಪಟ್ಟಿಯಲ್ಲಿ ನ್ಯಾಯಕ್ಕೂ ಒಂದು ಸಾಲಿತ್ತು. ಅದನ್ನು ಬರೆದವನ ಮನೆಯಲ್ಲಿಯೇ ಹಲವು ವರ್ಷಗಳ ಕಾಲ ಗುಲಾಮರಿದ್ದರು. ಅಂದಿನ ಸಮಾಜದ ಬಹುಮಂದಿಗೆ ಅದು ಅನ್ಯಾಯವೆಂದು ತೋರಿರಲಿಲ್ಲ. ಎಲ್ಲರೂ ಒಪ್ಪಿಕೊಂಡಿರುವ ತಪ್ಪೇ ಕಾಣಲು ಅತ್ಯಂತ ಕಠಿಣವಾದುದು. ಫ್ರಾಂಕ್ಲಿನ್ನನ ಅಭಿಪ್ರಾಯವು ಕ್ರಮಕ್ರಮವಾಗಿ ಬದಲಾಯಿತು. 1787ರಲ್ಲಿ ಅವನು ಗುಲಾಮಗಿರಿಯ ನಿರ್ಮೂಲನಕ್ಕಾಗಿ ಶ್ರಮಿಸುತ್ತಿದ್ದ ಪೆನ್ಸಿಲ್ವೇನಿಯದ ಸಂಘದ ಅಧ್ಯಕ್ಷನಾದನು. 1790ರಲ್ಲಿ, ಸಾಯುವುದಕ್ಕೆ ಎರಡು ತಿಂಗಳ ಮೊದಲು, ಆ ಪದ್ಧತಿಯ ವಿರುದ್ಧ ಅಮೆರಿಕದ ಕಾಂಗ್ರೆಸ್ಸಿಗೆ ಸಲ್ಲಿಸಿದ ಮನವಿಗೆ ಸಹಿ ಹಾಕಿದನು.

ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ನನು (1809-1882) ಮನಸ್ಸಿನ ಮತ್ತೊಂದು ರೂಢಿಯನ್ನು ಗುರುತಿಸಿದನು. ತನ್ನ ಸಿದ್ಧಾಂತಕ್ಕೆ ಅನುಕೂಲವಾದ ಸಂಗತಿಗಳಿಗಿಂತ ಪ್ರತಿಕೂಲವಾದವು ಬೇಗ ಮರೆತುಹೋಗುತ್ತವೆಂಬುದನ್ನು ಅನುಭವದಿಂದ ಅರಿತು, ಅಂಥವನ್ನು ಕಂಡ ಕೂಡಲೇ ಬರೆದಿಡುವುದನ್ನು ನಿಯಮವಾಗಿಸಿಕೊಂಡನು. ಮುಂದೆ ಅವನ ಗ್ರಂಥದ ಬಗ್ಗೆ ಇತರರು ಎತ್ತಿದ ಆಕ್ಷೇಪಗಳಲ್ಲಿ ಬಹುಪಾಲನ್ನು ಅವನು ಮೊದಲೇ ಗಮನಿಸಿದ್ದುದಕ್ಕೆ ಈ ನಿಯಮವೇ ಕಾರಣ.

ಇವರಿಬ್ಬರ ಅಭ್ಯಾಸಗಳು ವಿದ್ಯಾರ್ಥಿಗಳಿಗೂ ಸಾಧ್ಯವಾದುವೇ. ಮಲಗುವ ಮೊದಲು ಆ ದಿನದ ಒಂದು ತೀರ್ಮಾನವನ್ನೂ, ಅದಕ್ಕೆ ಕಾರಣವನ್ನೂ ಬರೆಯಬಹುದು. ತಾನು ದೃಢವಾಗಿ ನಂಬಿರುವ ಒಂದು ವಿಷಯಕ್ಕೆ ವಿರುದ್ಧವಾದ ಸಂಗತಿಯನ್ನು ಅದರ ಪಕ್ಕದಲ್ಲಿಯೇ ಗುರುತಿಸಿಡಬಹುದು. ತನಗೆ ಆದರ್ಶವೆನಿಸಿದ ಗುಣವೊಂದನ್ನು ಬರೆದು, ಆ ವಾರ ಅದಕ್ಕಾಗಿ ಏನು ಮಾಡಿದೆನೆಂದು ಕೇಳಿಕೊಳ್ಳಬಹುದು. ಕೊನೆಯದಾಗಿ, ನಂಬಿಕೆಯ ಗೆಳೆಯನನ್ನು ತನ್ನ ಕುಂದೇನೆಂದು ಕೇಳಿ, ಉತ್ತರವನ್ನು ಎದುರಾಡದೆ ಆಲಿಸಬಹುದು. ನಾಲ್ಕರಲ್ಲಿ ಇದೇ ಕಷ್ಟವಾದುದು.

ಪರಿಪೂರ್ಣತೆಯನ್ನು ತಾನು ಮುಟ್ಟಲಿಲ್ಲವೆಂದು ಫ್ರಾಂಕ್ಲಿನ್ ಮುಪ್ಪಿನಲ್ಲಿ ಒಪ್ಪಿಕೊಂಡನು. ಆದರೆ ಆ ಪ್ರಯತ್ನವಿಲ್ಲದಿದ್ದರೆ ತಾನು ಇಷ್ಟು ಒಳ್ಳೆಯವನೂ ಸುಖಿಯೂ ಆಗುತ್ತಿರಲಿಲ್ಲವೆಂಬುದು ಅವನ ನಂಬಿಕೆಯಾಗಿತ್ತು.